ಕೊನೆಗೆ ಕೇಳುವ ಎರಡು ಗುಂಡಿನ ಸದ್ದು

ಜಪಾನಿನಲ್ಲಿ ಬರೆದ ಚಿತ್ರಗಳನ್ನು ಓಡಿಸಿ ತಯಾರಿಸುವ ಚಲನಚಿತ್ರಗಳಿಗೂ ದೂರದರ್ಶನದ ಧಾರಾವಾಹಿಗಳಿಗೂ ‘ಅನಿಮೆ’ ಎಂದು ಹೆಸರು. ಇಂಗ್ಲಿಷಿನ ‘ಅನಿಮೇಷನ್’ ಎಂಬ ಶಬ್ದವನ್ನೇ ಜಪಾನೀಯರು ಮೊಟಕುಗೊಳಿಸಿ ತಮ್ಮದಾಗಿಸಿಕೊಂಡಿದ್ದಾರೆ. ಚಿತ್ರದ ಬೊಂಬೆಗಳು ಓಡಾಡುವುದೆಂದರೆ ಅದು ಎಳೆಯರ ವಿನೋದಕ್ಕೆ ಮಾತ್ರ ಎಂಬ ತಿಳುವಳಿಕೆ ನಮ್ಮಲ್ಲಿ ಉಂಟು. ಜಪಾನಿನಲ್ಲಿ ಹಾಗಿಲ್ಲ. ಅಲ್ಲಿ ಮಕ್ಕಳಿಗೆಂದು ಸಂಜೆ ಪ್ರಸಾರವಾಗುವ ಕಥೆಗಳಿರುವಂತೆ, ದೊಡ್ಡವರಿಗೆಂದು ತಡರಾತ್ರಿ ಪ್ರಸಾರವಾಗುವ ಗಂಭೀರವಾದ ಕಥೆಗಳೂ ಇವೆ. ಅಂತಹ ತಡರಾತ್ರಿಯ ಧಾರಾವಾಹಿಗಳಲ್ಲೊಂದು ‘ನ್ವಾರ್’. 2001ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಟೋಕಿಯೋ ದೂರದರ್ಶನದಲ್ಲಿ 26 ಕಂತುಗಳಾಗಿ ಅದು ಪ್ರಸಾರವಾಯಿತು. ಬೀ ಟ್ರೇನ್ ಎಂಬ ಸಂಸ್ಥೆ ಅದನ್ನು ತಯಾರಿಸಿತು. ಕೋಇಚಿ ಮಾಶಿಮೋ ನಿರ್ದೇಶಿಸಿದರು. ರ್ಯೋಯೆ ತ್ಸುಕಿಮುರಾ ಬರೆದರು. ‘ನ್ವಾರ್’ ಎಂದರೆ ಫ್ರೆಂಚ್ ಭಾಷೆಯಲ್ಲಿ ಕಪ್ಪು.

ಈ ಧಾರಾವಾಹಿ ಇಬ್ಬರು ಕೊಲೆಗಾರ್ತಿಯರ ಕಥೆ. ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಕೊಲೆಗಾರ್ತಿಯರ ಕಥೆ ಏಕೆ ಎಂದು ಹೆತ್ತವರಲ್ಲಿ ಕೆಲವರಾದರೂ ಹುಬ್ಬೇರಿಸಿಯಾರು. ನಿದ್ದೆಯಲ್ಲಿದ್ದ ಉಪಪಾಂಡವರನ್ನು ಅಶ್ವತ್ಥಾಮನು ರಾತ್ರಿ ಹೊಕ್ಕು ಕೊಂದ ಕಥೆಯನ್ನು ನಾವು ಯಾರೂ ಮಕ್ಕಳಿಂದ ಮರೆಮಾಡಿಲ್ಲ. ಕೊಲೆ ಇದೆಯೆಂಬುದರಿಂದಲೇ ಕಥೆ ಕೆಡುವುದಿಲ್ಲ. ಕೊಲೆಯನ್ನು ಕುರಿತು ಕಥೆ ಏನು ಹೇಳುತ್ತದೆ ಎಂಬುದನ್ನು ನೋಡಬೇಕು. ಅದಲ್ಲದೆ, ಇಪ್ಪತ್ತು ವರ್ಷ ಕಳೆದ ಮೇಲೂ ಇಂತಹ ಧಾರಾವಾಹಿಗಳು ಮಕ್ಕಳ ಕೈಯ ಮೊಬೈಲಿಗೆ ತಾವಾಗಿಯೇ ಬಂದು ಸೇರುತ್ತವೆ. ನಮ್ಮ ಮೇಲಿನ ತರಗತಿಯ ಕೆಲವರು ಇದನ್ನು ಕೊನೆಯವರೆಗೆ ನೋಡಿದ್ದಾರೆ. ಅದರ ಮುಕ್ತಾಯದ ಬಗ್ಗೆ ಪಕ್ಷ ಕಟ್ಟಿ ವಾದವನ್ನೂ ಮಾಡಿದ್ದಾರೆ. ಅವರು ನೋಡಿದ್ದಾರೆಂದಾದ ಮೇಲೆ, ನೋಡುವ ಬಗೆ ಯಾವುದು ಎಂಬುದನ್ನು ವಿಚಾರಿಸುವುದೇ ಮೇಲು. ಎಳೆಯ ಮಕ್ಕಳಿಗೆ ಇದು ತಕ್ಕುದಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ಕಥೆಯ ಎಳೆ ಹೀಗಿದೆ. ಮಿರೇಯ್ ಬುಕೆ ಎಂಬವಳು ಪ್ಯಾರಿಸಿನಲ್ಲಿ ಮನೆ ಮಾಡಿಕೊಂಡಿರುವ ತರುಣಿ. ಹುಟ್ಟಿದ್ದು ಕಾರ್ಸಿಕಾ ದ್ವೀಪದಲ್ಲಿ. ಎಳವೆಯಲ್ಲಿಯೇ ಅವಳ ತಂದೆ, ತಾಯಿ, ಅಣ್ಣ ಮೂವರೂ ಕೊಲೆಯಾದರು. ಹಣ ಪಡೆದು ಕೊಲ್ಲುವುದು ಅವಳ ವೃತ್ತಿ. ಅವಳಿಗೆ ಜಪಾನಿನಿಂದ ಒಂದು ಸಂದೇಶ ಬರುತ್ತದೆ. ಕಳುಹಿಸಿದವಳು ಕಿರಿಕಾ ಯೂಮುರಾ ಎಂಬ ಶಾಲಾ ಬಾಲಕಿ. ಈ ಕಿರಿಕಾಳಿಗೆ ತಾನು ಯಾರೆಂಬ ನೆನಪೇ ಇಲ್ಲ. ಒಂದು ದಿನ ಎಚ್ಚರಗೊಂಡಾಗ ಅವಳ ಬಳಿ ಇದ್ದುದು ಒಂದು ಶಾಲೆಯ ಗುರುತಿನ ಚೀಟಿ, ಒಂದು ಪಿಸ್ತೂಲು, ಮುಚ್ಚಳ ತೆರೆದರೆ ರಾಗ ನುಡಿಸುವ ಒಂದು ಜೇಬುಗಡಿಯಾರ. ಮನಸ್ಸಿನಲ್ಲಿ ಇದ್ದುದು ‘ನ್ವಾರ್’ ಎಂಬ ಒಂದೇ ಮಾತು. ಆದರೆ ಅವಳ ಕೈಗೆ ಮಾತ್ರ ಎಲ್ಲವೂ ನೆನಪಿದೆ. ಎಂತಹ ಶತ್ರುವನ್ನೂ ಕಣ್ಣು ಮಿಟುಕಿಸುವುದರೊಳಗೆ ಅವಳು ಕೊಲ್ಲಬಲ್ಲಳು. ಕೊಂದ ಮೇಲೆ ತನಗೆ ದುಃಖವಾಗುವುದಿಲ್ಲವೇಕೆ ಎಂಬುದೇ ಅವಳಿಗೆ ಬಗೆಹರಿಯದ ಸಮಸ್ಯೆ.

ಆ ಗಡಿಯಾರದ ರಾಗವನ್ನು ಮಿರೇಯ್ ಬಲ್ಲಳು. ಅದು ಅವಳ ಮನೆಯ ಗಡಿಯಾರ. ಆದುದರಿಂದ ಇಬ್ಬರೂ ಜತೆಗೂಡಿ, ತಮ್ಮ ಹಿಂದಿನ ಕಥೆಯನ್ನು ಹುಡುಕಿಕೊಂಡು ಹೊರಡುತ್ತಾರೆ. ಹೊರಡುವಾಗಲೇ ಒಂದು ಕರಾರು ಆಗುತ್ತದೆ: ಎಲ್ಲವೂ ತಿಳಿದ ದಿನ ಮಿರೇಯ್ ಕಿರಿಕಾಳನ್ನು ಕೊಲ್ಲುವಳು. ಕಿರಿಕಾ ಇದಕ್ಕೆ ಒಪ್ಪುತ್ತಾಳೆ. ಈ ಕರಾರನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಕ್ತಾಯದ ಗಂಟು ಇರುವುದು ಇಲ್ಲಿಯೇ.

ಹುಡುಕುತ್ತ ಹೋದಂತೆ ‘ಲೆ ಸೋಲ್ದಾ’ ಎಂಬ ಪ್ರಾಚೀನ ಗುಪ್ತ ಸಂಘವೊಂದು ಎದುರಾಗುತ್ತದೆ. ‘ನ್ವಾರ್’ ಎಂಬುದು ಆ ಸಂಘದಲ್ಲಿ ಸಾವಿನ ಅಧಿಕಾರ ಹೊತ್ತ ಇಬ್ಬರು ಕನ್ಯೆಯರ ಪದವಿ. ಸಂಘದ ಹಳೆಯ ಆಚಾರವನ್ನು ಮತ್ತೆ ಸ್ಥಾಪಿಸಬೇಕೆಂದಿರುವ ಆಲ್ತೇನಾ ಎಂಬವಳು ಅದಕ್ಕಾಗಿ ಮೂವರು ಎಳೆಯ ಹುಡುಗಿಯರನ್ನು ಗುರುತಿಸಿದ್ದಳು: ಕಿರಿಕಾ, ಮಿರೇಯ್, ಮೂರನೆಯವಳು ಕ್ಲೋಯೆ. ಮಗಳನ್ನು ಒಪ್ಪಿಸಲು ಮಿರೇಯ್‌ಳ ತಂದೆತಾಯಿ ಒಪ್ಪಲಿಲ್ಲ. ಅದಕ್ಕಾಗಿ ಅವರನ್ನು ಕೊಲ್ಲಿಸಲಾಯಿತು. ಕೊಂದವಳು ಕಿರಿಕಾ, ಆಗ ಅವಳೊಂದು ಪುಟ್ಟ ಮಗು. ಸಾಯುವ ಮೊದಲು ಮಿರೇಯ್‌ಳ ತಾಯಿ ಆ ಮಗುವಿನೊಡನೆ, ನನ್ನ ಮಗಳನ್ನು ನೋಡಿಕೋ ಎಂದು ಕೇಳಿಕೊಂಡಿದ್ದಳು.

ಸತ್ಯ ಹೊರಬಿದ್ದ ದಿನ ಕರಾರಿನಂತೆ ಮಿರೇಯ್ ಪಿಸ್ತೂಲು ಎತ್ತುತ್ತಾಳೆ. ಕಿರಿಕಾ ಗುಂಡಿಗೆ ಸಿದ್ಧಳಾಗಿ ನಿಂತಿದ್ದಾಳೆ. ಮಿರೇಯ್‌ಳಿಂದ ಹೊಡೆಯಲಾಗುವುದಿಲ್ಲ. ಇಬ್ಬರೂ ಅಗಲುತ್ತಾರೆ. ಕಿರಿಕಾ ಆಲ್ತೇನಾಳ ಬಳಿಗೆ, ಫ್ರಾನ್ಸ್ ಮತ್ತು ಸ್ಪೇನ್ ದೇಶಗಳ ಗಡಿಯ ಬೆಟ್ಟಸೀಮೆಗೆ ಹೋಗಿ ಸೇರುತ್ತಾಳೆ. ಮಿರೇಯ್ ಅವಳನ್ನು ಹುಡುಕಿಕೊಂಡು ಅಲ್ಲಿಗೂ ಬರುತ್ತಾಳೆ. ಕ್ಲೋಯೆ ಮಿರೇಯ್‌ಳನ್ನು ಕೊಲ್ಲಲು ಹೋದಾಗ, ಕಿರಿಕಾ ಕ್ಲೋಯೆಯನ್ನೇ ಕೊಂದು ಮಿರೇಯ್‌ಳನ್ನು ಉಳಿಸುತ್ತಾಳೆ. ಕೊನೆಯ ಕಂತಿನಲ್ಲಿ ನೆಲದಡಿಯ ಅಗ್ನಿಕುಂಡದ ಬಳಿ ಆಲ್ತೇನಾಳೊಡನೆ ಮುಖಾಮುಖಿಯಾಗುತ್ತದೆ. ಕಿರಿಕಾ ಆಲ್ತೇನಾಳನ್ನು ತಬ್ಬಿಕೊಂಡು ಕುಂಡಕ್ಕೆ ಹಾರುತ್ತಾಳೆ. ಆಲ್ತೇನಾ ಬೆಂಕಿಗೆ ಬೀಳುತ್ತಾಳೆ; ಕಿರಿಕಾಳ ಕೈ ಮಾತ್ರ ಮಿರೇಯ್‌ಳ ಕೈಗೆ ಸಿಕ್ಕುತ್ತದೆ. ಕೆಳಗೆ ಬೆಂಕಿ. ಕಿರಿಕಾಳಿಗೆ ಬಿದ್ದುಹೋದರೆ ಸಾಕೆಂದಿದೆ. ಮಿರೇಯ್ ಕೈ ಬಿಡುವುದಿಲ್ಲ, ಮೇಲಕ್ಕೆ ಎಳೆದುಕೊಳ್ಳುತ್ತಾಳೆ. ಇಬ್ಬರೂ ಹೊರಗೆ ಬಂದು ನಡೆದು ಹೋಗುತ್ತಾರೆ.

ಇಷ್ಟಕ್ಕೆ ಮುಗಿಸಿದ್ದರೆ ವಾದಕ್ಕೆ ಎಡೆಯೇ ಇರಲಿಲ್ಲ. ಆದರೆ ಕಟ್ಟಕಡೆಗೆ, ಅವರಿಬ್ಬರೂ ಕಣ್ಣಿಗೆ ಕಾಣದಿರುವಾಗ, ಎರಡು ಗುಂಡಿನ ಸದ್ದು ಕೇಳುತ್ತದೆ. ಹೊಡೆದವರು ಯಾರು, ಬಿದ್ದವರು ಯಾರು ಎಂಬುದನ್ನು ತೋರಿಸದೆ ಧಾರಾವಾಹಿ ಮುಗಿದುಹೋಗುತ್ತದೆ. (ನಮ್ಮ ಮಕ್ಕಳು ಈ ಕಥೆಯನ್ನೆಲ್ಲ ಇಂಗ್ಲಿಷಿನ ಅಡಿಬರಹ ಓದಿಕೊಂಡು ನೋಡಿದವರು. ಅಡಿಬರಹ ಬೇಡದ ಭಾಗವೆಂದರೆ ಈ ಎರಡು ಸದ್ದುಗಳು. ಅದೇ ಅವರಿಗೆ ಅರ್ಥವಾಗಲಿಲ್ಲ!)

ಇದಕ್ಕೆ ಏನು ಅರ್ಥ? ‘ಯಾರಿಗೆ ಹೇಗೆ ತೋರುತ್ತದೋ ಹಾಗೆ’ ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಈ ಮಾತನ್ನು ನಾವು ಒಪ್ಪಲಾರೆವು. ಹಾಗಾದರೆ 26 ಕಂತುಗಳನ್ನು ಬರೆಯುವ ಕಷ್ಟವನ್ನು ಯಾರಾದರೂ ಏಕೆ ಪಡಬೇಕಿತ್ತು? ಇನ್ನು ಕೆಲವರು ಪರೀಕ್ಷೆಯ ಉತ್ತರ ಪತ್ರಿಕೆಯಂತೆ ಒಂದೇ ಸರಿಯುತ್ತರ ಬೇಕೆನ್ನುತ್ತಾರೆ. ಅದೂ ಕೂಡದು. ಸರಿಯುತ್ತರವನ್ನು ತೋರಿಸಬಾರದೆಂದೇ ನಿರ್ದೇಶಕರು ಪರದೆಯಿಂದ ಇಬ್ಬರನ್ನೂ ಮರೆ ಮಾಡಿದ್ದಾರೆ.

ನಮ್ಮ ಅಲಂಕಾರಶಾಸ್ತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ, ಕಾವ್ಯದ ಜೀವವು ಬಾಯಿಬಿಟ್ಟು ಹೇಳಿದ ಅರ್ಥದಲ್ಲಿಲ್ಲ, ಅದರಿಂದ ಹೊಮ್ಮುವ ಅರ್ಥದಲ್ಲಿದೆ ಎಂದನು. ಅದಕ್ಕೆ ಧ್ವನಿ ಎಂದು ಹೆಸರು. ಗಂಟೆಯನ್ನು ಬಾರಿಸಿ ನಿಲ್ಲಿಸಿದ ಮೇಲೂ ಉಳಿದು ಬರುವ ಅನುರಣನದಂತೆ ಅದು ಎಂಬುದು ಶಾಸ್ತ್ರಕಾರರ ಹೋಲಿಕೆ. ಜಪಾನೀಯರಲ್ಲಿಯೂ ‘ಯೋಇನ್’ ಎಂಬ ಶಬ್ದವಿದೆ. ಅದಕ್ಕೂ ಅರ್ಥ ಗಂಟೆಯ ಉಳಿದ ನಾದವೇ; ಕವಿತೆಯೋ ಕಥೆಯೋ ಮುಗಿದ ಮೇಲೆ ಮನಸ್ಸಿನಲ್ಲಿ ನಿಲ್ಲುವುದಕ್ಕೂ ಅದೇ ಶಬ್ದ. ಪರಸ್ಪರ ಕೇಳಿ ಕಲಿತದ್ದಲ್ಲದಿದ್ದರೂ ಎರಡು ಕಡೆಯವರಿಗೂ ಗಂಟೆಯೇ ನೆನಪಾಯಿತೆಂಬುದು ಸೋಜಿಗ.

ಧ್ವನಿ ಎಂದರೆ ಮನಬಂದ ಅರ್ಥವಲ್ಲ. ‘ಸೂರ್ಯ ಮುಳುಗಿದ’ ಎಂಬ ಮಾತನ್ನು ಶಾಸ್ತ್ರಕಾರರು ಉದಾಹರಣೆಯಾಗಿ ಕೊಡುತ್ತಾರೆ. ದನ ಕಾಯುವವನಿಗೆ ಅದು, ದನಗಳನ್ನು ಹಟ್ಟಿಗೆ ಹೊಡೆ ಎಂದು. ಅಂಗಡಿಯವನಿಗೆ, ಸಾಮಾನು ಕಟ್ಟು ಎಂದು. ಕಳ್ಳನಿಗೆ, ಹೊರಡುವ ಹೊತ್ತಾಯಿತು ಎಂದು. ಅರ್ಥ ಹಲವು, ಆದರೆ ಯಾರು ಹೇಳಿದರು, ಯಾರಿಗೆ, ಯಾವ ಸಂದರ್ಭದಲ್ಲಿ ಎಂದು ನೋಡಿದರೆ ಆಯಾ ಕಡೆಯಲ್ಲಿ ಒಂದು ಅರ್ಥ ತೂಕದ್ದಾಗುತ್ತದೆ. ಸಂದರ್ಭವನ್ನು ಬಿಟ್ಟು ಎಳೆದ ಅರ್ಥ ನಿಲ್ಲುವುದಿಲ್ಲ.

ನಮ್ಮ ಕಾಸರಗೋಡಿನವರಿಗೆ ಇದನ್ನು ಶಾಸ್ತ್ರದಿಂದ ಹೇಳಬೇಕಾಗಿಯೂ ಇಲ್ಲ, ತಾಳಮದ್ದಳೆಯಿಂದ ಹೇಳಿದರೆ ಸಾಕು. ವಾಲಿವಧೆಯ ಪ್ರಸಂಗದಲ್ಲಿ ವಾಲಿ ಸಾಯುವುದು ಗೊತ್ತಿದ್ದದ್ದೇ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂದು ವಾಲಿ ಕೇಳುತ್ತಾನೆ, ರಾಮ ಸಮಾಧಾನ ಹೇಳುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ವಾದವನ್ನು ಕೇಳಿದ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅರ್ಥಧಾರಿಗೆ ಎಷ್ಟು ವಾದಿಸಲೂ ಸ್ವಾತಂತ್ರ್ಯ ಉಂಟು. ಆದರೆ ಭಾಗವತರು ಹಾಡಿದ ಪದ್ಯವನ್ನು ಮೀರುವ ಸ್ವಾತಂತ್ರ್ಯ ಇಲ್ಲ. ಪದ್ಯದಲ್ಲಿ ಇಲ್ಲದ ಸಂಗತಿಯನ್ನು ತಂದರೆ ಎದುರು ಕುಳಿತವರು ಅಲ್ಲಿಯೇ ಹಿಡಿದು ನಿಲ್ಲಿಸುತ್ತಾರೆ. ‘ನ್ವಾರ್’ನ ಮುಕ್ತಾಯಕ್ಕೂ ಇದೇ ಕಟ್ಟು. 26 ಕಂತುಗಳು ನಮ್ಮ ಪದ್ಯ.

ಈಗ ಅರ್ಥಗಳನ್ನು ಒಂದೊಂದಾಗಿ ತೂಗೋಣ.

ಕರಾರು ಈಡೇರಿತು ಎಂಬುದು ಒಂದು ಪಕ್ಷ. ಮೊದಲ ಗುಂಡಿನಿಂದ ಮಿರೇಯ್ ಕಿರಿಕಾಳನ್ನು ಕೊಂದಳು, ಎರಡನೆಯದರಿಂದ ತನ್ನನ್ನು ಕೊಂದುಕೊಂಡಳು. ಅಥವಾ ಇಬ್ಬರೂ ಪರಸ್ಪರ ಹೊಡೆದುಕೊಂಡರು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಈ ಪಕ್ಷದವರು. ಇದಕ್ಕೆ ಬಲವಿಲ್ಲವೆಂದಲ್ಲ. ಕರಾರು ಮೊದಲ ಕಂತಿನಿಂದಲೇ ನಮ್ಮ ತಲೆಯ ಮೇಲೆ ತೂಗುತ್ತಿದೆ; ಕಥೆಯಲ್ಲಿ ಆಡಿದ ಮಾತು ಕಥೆಯಲ್ಲಿ ತೀರಬೇಕು ಎಂಬುದು ಎಲ್ಲ ಕಥೆಗಾರರ ನಿಯಮ. ಕಿರಿಕಾಳಿಗೂ ಸಾಯುವ ಮನಸ್ಸಿದೆ.

ಆದರೆ ಮಾತು ತೀರುವುದಕ್ಕೆ ಎರಡು ದಾರಿಗಳಿವೆ. ನಡೆಸಿ ತೀರಿಸುವುದು ಒಂದು; ನಡೆಸಲಾರೆನೆಂದು ತಿಳಿದು ಬಿಟ್ಟುಕೊಡುವುದು ಇನ್ನೊಂದು. ಮಿರೇಯ್ ಕರಾರನ್ನು ಬಿಟ್ಟುಕೊಟ್ಟುದನ್ನು ನಾವು ಎರಡು ಸಲ ಕಣ್ಣಾರೆ ಕಂಡಿದ್ದೇವೆ. ತಂದೆತಾಯಿಯನ್ನು ಕೊಂದವಳು ಇವಳೇ ಎಂದು ತಿಳಿದ ದಿನ, ಸಿಟ್ಟು ಅತ್ಯಂತ ಬಿಸಿಯಾಗಿದ್ದಾಗ, ಅವಳಿಗೆ ಗುಂಡು ಹಾರಿಸಲಾಗಲಿಲ್ಲ. ಇದು ಮೊದಲನೆಯದು. ಅಗ್ನಿಕುಂಡದ ಅಂಚಿನಲ್ಲಿ ಅವಳು ಏನನ್ನೂ ಮಾಡಬೇಕಾಗಿಯೇ ಇರಲಿಲ್ಲ. ಕೈಯನ್ನು ಸುಮ್ಮನೆ ಸಡಿಲಿಸಿದ್ದರೆ ಕರಾರು ತಾನಾಗಿಯೇ ತೀರುತ್ತಿತ್ತು. ಅಲ್ಲಿ ಅವಳು ಸಡಿಲಿಸಲಿಲ್ಲ. ಬೆಂಕಿಯಿಂದ ಎಳೆದು ತೆಗೆದವಳನ್ನು ದಾರಿಯಲ್ಲಿ ಗುಂಡಿಟ್ಟು ಕೊಂದಳು ಎನ್ನಬೇಕಾದರೆ, ನಡುವೆ ಯಾವುದಾದರೊಂದು ಕಾರಣವನ್ನು ನಾವು ಕೈಯಿಂದ ಹಾಕಿ ಸೇರಿಸಬೇಕಾಗುತ್ತದೆ. ಪದ್ಯದಲ್ಲಿ ಅದಿಲ್ಲ.

ಸೋಲ್ದಾದವರು ಹೊಂಚಿ ಇಬ್ಬರನ್ನೂ ಕೊಂದರು ಎಂಬುದು ಎರಡನೆಯ ಪಕ್ಷ. ಆಲ್ತೇನಾ ಸತ್ತರೂ ಸಂಘ ಸಾಯಲಿಲ್ಲ, ಅದು ಲೋಕದ ತುಂಬ ಹಾಗೆಯೇ ಇದೆ ಎಂಬುದು ನಿಜ. ಆದರೆ ಇಪ್ಪತ್ತಾರು ಕಂತುಗಳಲ್ಲಿ ಎಷ್ಟೋ ಮಂದಿ ಹೊಂಚಿದವರು ಮಾಡಲಾಗದ್ದನ್ನು ಹೆಸರಿಲ್ಲದ ಯಾರೋ ಎರಡೇ ಗುಂಡುಗಳಲ್ಲಿ ಮುಗಿಸಿದರೆಂದರೆ ಅದು ಆಕಸ್ಮಿಕವಾಗುತ್ತದೆಯೇ ಹೊರತು ಮುಕ್ತಾಯವಾಗುವುದಿಲ್ಲ. ಈ ಪಕ್ಷದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ.

ಹೊಡೆದವರು ಅವರಿಬ್ಬರೇ, ಆದರೆ ಒಬ್ಬರಿಗೊಬ್ಬರಲ್ಲ. ಎದುರು ಬಂದ ಯಾರಿಗೋ ಎಂಬುದು ಮೂರನೆಯ ಪಕ್ಷ. ಒಬ್ಬಳಿಗೆ ಒಂದರಂತೆ ಎರಡು ಗುಂಡುಗಳು. ಕಿರಿಕಾಳದು ಇಟಲಿಯ ಬೆರೆಟ್ಟಾ ಪಿಸ್ತೂಲು, ಮಿರೇಯ್‌ಳದು ಜರ್ಮನಿಯ ವಾಲ್ಥರ್. (ಇಂತಹ ವಿವರಗಳಲ್ಲಿ ಮಕ್ಕಳು ನಮಗೇ ಪಾಠ ಹೇಳಬಲ್ಲರು, ಛಂದಸ್ಸಿನ ಗಣಗಳಲ್ಲಿ ಇಷ್ಟು ಆಸಕ್ತಿ ತೋರಿಸಿದ್ದರೆ ಎಷ್ಟು ಚೆನ್ನಾಗಿತ್ತು.) ಅಂದರೆ ಇಬ್ಬರೂ ಬದುಕಿದ್ದಾರೆ, ಜತೆಯಾಗಿದ್ದಾರೆ, ಆದರೆ ಹಿಂದಿನ ಬಾಳು ಅವರನ್ನು ಬಿಟ್ಟಿಲ್ಲ. ನಮಗೆ ತೂಕದ್ದಾಗಿ ಕಾಣುವುದು ಈ ಅರ್ಥ. ಅದಕ್ಕೆ ಕೊಡಬಹುದಾದ ಆಧಾರಗಳಲ್ಲಿ ಮುಖ್ಯವಾದದ್ದು ಹೆಸರುಗಳಲ್ಲಿಯೇ ಇದೆ.

ಮೊದಲ ಕಂತಿನ ಹೆಸರನ್ನು ಕನ್ನಡಕ್ಕೆ ತಂದರೆ ‘ಕಪ್ಪು ಕೈಗಳ ಕನ್ಯೆಯರು’ ಎಂದಾಗುತ್ತದೆ. ಕೊನೆಯ ಕಂತಿನ ಹೆಸರು ‘ಜನನ’. ಇಬ್ಬರೂ ಸಾಯುವ ಕಂತಿಗೆ ‘ಜನನ’ ಎಂದು ಹೆಸರಿಡಬಾರದೆಂದಿಲ್ಲ, ವ್ಯಂಗ್ಯಕ್ಕೆ ಇಡಬಹುದು. ಆದರೆ ಈ ಧಾರಾವಾಹಿಯ ರೀತಿ ಅಂತಹ ವ್ಯಂಗ್ಯದ್ದಲ್ಲ. ಪ್ರತಿ ಕಂತಿನ ಆರಂಭದಲ್ಲಿ ಬರುವ ಹಾಡಿನ ಹೆಸರು ‘ಕೊಪೇಲಿಯಾಳ ಶವಪೆಟ್ಟಿಗೆ’. ಕೊಪೇಲಿಯಾ ಎಂಬುದು 1870ರಲ್ಲಿ ಪ್ಯಾರಿಸಿನಲ್ಲಿ ಮೊದಲು ಆಡಿದ ಒಂದು ನೃತ್ಯನಾಟಕದ ಬೊಂಬೆಯ ಹೆಸರು. ಮನುಷ್ಯಳೆಂದೇ ತಿಳಿದು ಜನ ಮೋಸಹೋಗುವಂತಹ, ಆಳೆತ್ತರದ ಬೊಂಬೆ. ಆಲ್ತೇನಾ ಕಿರಿಕಾಳನ್ನು ಮಾಡಹೊರಟದ್ದೂ ಅದೇ: ಹೇಳಿದಂತೆ ಕೈಯಾಡಿಸುವ ಬೊಂಬೆ. ಬೊಂಬೆಯ ಶವಪೆಟ್ಟಿಗೆಯಿಂದ ಹೊರಟ ಕಥೆ ಜನನಕ್ಕೆ ಬಂದು ಮುಟ್ಟುತ್ತದೆ. ಹುಟ್ಟಿದವಳು ಅದೇ ಗಳಿಗೆಯಲ್ಲಿ ಸತ್ತಳೆಂದರೆ ಇಷ್ಟು ದೂರ ನಡೆದುದು ಏತಕ್ಕೆ?

ಹಾಗಿದ್ದರೂ, ಆ ಸದ್ದನ್ನು ಕೇಳಿದ ಕೂಡಲೇ ನಮ್ಮ ಮನಸ್ಸು ಹೋಗುವುದು ಸಾವಿನ ಕಡೆಗೇ. ಇದಕ್ಕೂ ಕಾರಣವಿದೆ. ಇಷ್ಟೊಂದು ಮಂದಿ ಸಾಯುವ ಈ ಧಾರಾವಾಹಿಯಲ್ಲಿ ರಕ್ತವನ್ನು ತೋರಿಸುವುದು ಇಲ್ಲವೆನ್ನುವಷ್ಟು ಕಡಿಮೆ. ಗುಂಡು ಸಿಡಿಯುತ್ತದೆ, ಮನುಷ್ಯ ಬೀಳುತ್ತಾನೆ, ಅಷ್ಟೆ. ಯುಕಿ ಕಾಜಿಉರಾ ಅವರ ಸಂಗೀತ ಮೇಲಿಂದ ಹರಿಯುತ್ತಿರುತ್ತದೆ. ಹೋರಾಟದ ನಡುವೆ ಕೇಳಿಬರುವ ಒಂದು ಹಾಡಿಗೆ ‘ನಮ್ಮನ್ನು ಕಾಪಾಡು’ ಎಂಬರ್ಥದ ಲ್ಯಾಟಿನ್ ಹೆಸರು. ರಕ್ತವನ್ನು ಕಾಣದೆ, ಸದ್ದನ್ನು ಮಾತ್ರ ಕೇಳಿ ಸಾವನ್ನು ಲೆಕ್ಕ ಹಾಕುವುದು 25 ಕಂತುಗಳಲ್ಲಿ ನಮಗೆ ಅಭ್ಯಾಸವಾಗಿಬಿಡುತ್ತದೆ. ಆದುದರಿಂದ ಕೊನೆಗೆ ಎರಡು ಸದ್ದು ಕೇಳಿದೊಡನೆ ಎರಡು ಹೆಣಗಳನ್ನು ನಾವೇ ಇಟ್ಟುಬಿಡುತ್ತೇವೆ. ಧಾರಾವಾಹಿ ಇಟ್ಟಿಲ್ಲ.

ಮಕ್ಕಳ ವಾದದಲ್ಲಿ ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಇದಾವುದೂ ಅಲ್ಲ. ಇಬ್ಬರೂ ಸತ್ತರೆನ್ನುವ ಪಕ್ಷದವರಲ್ಲಿ ಕೆಲವರು ಆಧಾರಗಳನ್ನು ಹೇಳಲಿಲ್ಲ. ಕೊಂದವರು ಸಾಯಲೇಬೇಕು, ಸತ್ತರೇನೇ ಕಥೆ ಸರಿಯಾಗುತ್ತದೆ ಎಂದರು. ಒಬ್ಬ ಹುಡುಗಿ ಮಾತ್ರ, ಕಿರಿಕಾ ಕೊಂದಾಗ ಅವಳಿಗೆ ಎಷ್ಟು ವಯಸ್ಸು ಎಂದು ಕೇಳಿದಳು. ತಕ್ಕ ಪ್ರಶ್ನೆ ಅದು.

ಕಿರಿಕಾ ಆ ಕೆಲಸವನ್ನು ಆರಿಸಿಕೊಂಡವಳಲ್ಲ. ಆರಿಸಿಕೊಳ್ಳುವ ವಯಸ್ಸು ಬರುವ ಮೊದಲೇ ಅವಳ ಕೈಗೆ ಪಿಸ್ತೂಲು ಕೊಟ್ಟವರಿದ್ದಾರೆ. ಕಥೆಯಲ್ಲಿ ಅದು ಗುಪ್ತ ಸಂಘ; ಲೋಕದಲ್ಲಿ ಅದು ಯುದ್ಧ ನಡೆಸುವ ಪಡೆಗಳು. ಮಕ್ಕಳನ್ನು ಯುದ್ಧಕ್ಕೆ ಎಳೆಯಬಾರದೆಂದು ವಿಶ್ವಸಂಸ್ಥೆ 2000ದಲ್ಲಿ, ಅಂದರೆ ಈ ಧಾರಾವಾಹಿ ಬರುವುದಕ್ಕೆ ಒಂದು ವರ್ಷ ಮೊದಲು, ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. 2007ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಸಭೆಯೊಂದು ಇನ್ನೂ ಮುಂದೆ ಹೋಗಿ, ಪಡೆಗಳೊಡನೆ ಇದ್ದಾಗ ಅಪರಾಧ ಮಾಡಿದರೆಂಬ ಆರೋಪ ಹೊತ್ತ ಮಕ್ಕಳನ್ನು ಮೊದಲಾಗಿ ಅನ್ಯಾಯಕ್ಕೆ ಗುರಿಯಾದವರೆಂದೇ ನೋಡಬೇಕು, ಕೇವಲ ಅಪರಾಧಿಗಳೆಂದು ನೋಡಬಾರದು ಎಂಬ ತತ್ತ್ವವನ್ನು ಮುಂದಿಟ್ಟಿತು. ಅವರಿಗೆ ಶಾಲೆ ಬೇಕು, ಮನೆ ಬೇಕು, ಸೇರಿಸಿಕೊಳ್ಳುವ ಊರು ಬೇಕು ಎಂಬುದು ಅದರ ತಾತ್ಪರ್ಯ. ಅಂತಹ ಮಗುವೊಂದಕ್ಕೆ ‘ನೀನು ಸತ್ತರೇನೇ ಕಥೆ ಸರಿಯಾಗುತ್ತದೆ’ ಎಂದು ಹೇಳುವ ಧೈರ್ಯ ನಮಗಿದೆಯೇ?

ಹಾಗೆಂದು ಧಾರಾವಾಹಿ ಈ ಪ್ರಶ್ನೆಯನ್ನು ಸುಲಭ ಮಾಡಿಲ್ಲ. ಮೊದಲ ಭಾಗದ ಒಂದು ಕಂತಿನಲ್ಲಿ ಒಬ್ಬ ವೃದ್ಧ ಬರುತ್ತಾನೆ. ಹಿಂದೆ ಅಧಿಕಾರದಲ್ಲಿದ್ದಾಗ ಒಂದು ಜನಾಂಗದವರ ಸಾಮೂಹಿಕ ಕೊಲೆಗೆ ಕಾರಣನಾದವನು. ಈಗ ಬಡವರಿಗೆ ನೆರವಾಗುತ್ತ, ಎಲ್ಲರಿಂದ ಒಳ್ಳೆಯವನೆನಿಸಿಕೊಂಡು ಬದುಕಿದ್ದಾನೆ. ಅವನ ಬೆಕ್ಕಿನ ಮೂಲಕ ಕಿರಿಕಾಳಿಗೆ ಅವನ ಪರಿಚಯವಾಗುತ್ತದೆ, ಅವನು ಎಂತಹವನೆಂಬುದೂ ತಿಳಿಯುತ್ತದೆ. ಕೊನೆಗೆ ಅವಳೇ ಅವನನ್ನು ಕೊಲ್ಲುತ್ತಾಳೆ. ಪಶ್ಚಾತ್ತಾಪಪಟ್ಟ ಮುದುಕನನ್ನು ಬಾಳಗೊಡದ ಕಥೆ ಕಿರಿಕಾಳನ್ನು ಮಾತ್ರ ಏಕೆ ಬಾಳಗೊಡಬೇಕು? ಇಬ್ಬರೂ ಸತ್ತರೆನ್ನುವ ಪಕ್ಷದವರು ಈ ಕಂತನ್ನು ಹಿಡಿದು ವಾದಿಸಿದ್ದರೆ ನಮಗೆ ಉತ್ತರ ಹೇಳಲು ಕಷ್ಟವಾಗುತ್ತಿತ್ತು. ಆತ ದೊಡ್ಡವನಾಗಿ, ತಿಳಿದು ಮಾಡಿದವನು; ಇವಳು ಮಗುವಾಗಿ, ತಿಳಿಯದೆ ಮಾಡಿದವಳು ಎಂಬ ವ್ಯತ್ಯಾಸ ಉಂಟು. ಆದರೆ ಬೆಳೆದ ಮೇಲೆಯೂ ಕಿರಿಕಾ ಕೊಂದಿದ್ದಾಳಲ್ಲ. ಆ ಮುದುಕನನ್ನೂ, ಕ್ಲೋಯೆಯನ್ನೂ. ವ್ಯತ್ಯಾಸ ಎಲ್ಲವನ್ನೂ ಮುಚ್ಚುವುದಿಲ್ಲ.

ಆ ಎರಡು ಸದ್ದುಗಳು ಅಲ್ಲಿ ಇರಬೇಕಾದುದು ಇದಕ್ಕಾಗಿಯೇ ಎಂದು ನಾವು ತಿಳಿಯುತ್ತೇವೆ. ಇಬ್ಬರೂ ಕೈಹಿಡಿದು ನಡೆದುಹೋಗುವುದಕ್ಕೆ ನಿಲ್ಲಿಸಿದ್ದರೆ, ಆದುದೆಲ್ಲ ತೊಳೆದುಹೋಯಿತು ಎಂಬ ಸುಳ್ಳು ಸಮಾಧಾನ ನಮಗೆ ಸಿಗುತ್ತಿತ್ತು. ಇಬ್ಬರ ಹೆಣಗಳನ್ನು ತೋರಿಸಿದ್ದರೆ, ಲೆಕ್ಕ ಚುಕ್ತವಾಯಿತು ಎಂದು ಎದ್ದು ಹೋಗುತ್ತಿದ್ದೆವು. ಎರಡಕ್ಕೂ ಅವಕಾಶ ಕೊಡದೆ, ಬದುಕಿದ್ದಾರೆ ಎಂದು ನಂಬಿದವರಿಗೂ ‘ಪಿಸ್ತೂಲು ಇನ್ನೂ ಅವರ ಕೈಯಲ್ಲಿಯೇ ಇದೆ’ ಎಂಬುದನ್ನು ಆ ಸದ್ದು ಕೇಳಿಸುತ್ತದೆ. ಬಿದ್ದವನು ಯಾವನೋ ಒಬ್ಬ ಇದ್ದಾನಲ್ಲ. ಅವನಿಗೂ ಮನೆಯಲ್ಲಿ ಮಿರೇಯ್‌ಳಂತಹ ಮಗಳೊಬ್ಬಳು ಇದ್ದಿರಬಹುದು.

ಇದೇ ಮಾಶಿಮೋ 2009ರಲ್ಲಿ ‘ಫ್ಯಾಂಟಮ್’ ಎಂಬ ಇನ್ನೊಂದು ಧಾರಾವಾಹಿಯನ್ನು, ಇದೇ ಸಂಸ್ಥೆಯಿಂದ, 26 ಕಂತುಗಳಲ್ಲಿಯೇ ನಿರ್ದೇಶಿಸಿದರು. ಅದೂ ನೆನಪು ಅಳಿಸಿ ಕೊಲೆಗಾರರನ್ನಾಗಿ ಮಾಡಿದ ಒಬ್ಬ ಹುಡುಗ, ಒಬ್ಬ ಹುಡುಗಿಯ ಕಥೆ. ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ಅದು ಮುಗಿಯುತ್ತದೆ. ಒಂದು ಕುದುರೆಗಾಡಿ ಹಾದುಹೋಗುತ್ತದೆ. ಅದು ದಾಟಿದ ಮೇಲೆ ಹುಡುಗ ನೆಲದ ಮೇಲೆ ಬಿದ್ದಿದ್ದಾನೆ. ಹುಡುಗಿಯ ಗತಿಯೇನಾಯಿತು ಎಂಬುದರ ಬಗ್ಗೆ ನೋಡಿದವರು ಈಗಲೂ ವಾದಿಸುತ್ತಾರೆ. ‘ನ್ವಾರ್’ನಲ್ಲಿ ಸದ್ದನ್ನು ಕೇಳಿಸಿ ದೃಶ್ಯವನ್ನು ಮುಚ್ಚಿದವರು, ಇಲ್ಲಿ ದೃಶ್ಯವನ್ನು ತೋರಿಸಿ ಕಾರಣವನ್ನು ನುಂಗಿಕೊಂಡಿದ್ದಾರೆ. ಅಲ್ಲಿ ತೂಕ ಸಾವಿನ ಕಡೆಗೇ ಹೆಚ್ಚೆಂದು ನಮಗೆ ತೋರುತ್ತದೆ. ಏಕೆಂದರೆ ಬಿದ್ದ ಹುಡುಗ ಏಳುವುದನ್ನು ನಾವು ಕಾಣುವುದಿಲ್ಲ. ಒಬ್ಬನೇ ನಿರ್ದೇಶಕನಾದರೂ ಒಂದು ಕೃತಿಯ ಉತ್ತರವನ್ನು ಇನ್ನೊಂದಕ್ಕೆ ಅಂಟಿಸುವಂತಿಲ್ಲ.

‘ನ್ವಾರ್’ನ ಮಟ್ಟಿಗೆ ನಮ್ಮ ಅರ್ಥವನ್ನು ಒಪ್ಪದವರು ಅದನ್ನು ತಳ್ಳಿಹಾಕಲು ಒಂದು ದಾರಿ ಉಂಟು. ಮಿರೇಯ್ ಕೈ ಎಳೆದುಕೊಂಡ ಮೇಲಿನ ಭಾಗದಿಂದ, ಅವಳ ಮನಸ್ಸು ಮತ್ತೆ ಕರಾರಿನ ಕಡೆಗೆ ತಿರುಗಿತೆಂದು ತೋರಿಸುವ ಒಂದು ನೋಟವನ್ನೋ ಒಂದು ಮಾತನ್ನೋ ತೆಗೆದು ತೋರಿಸಲಿ. ಆಗ ನಮ್ಮ ಪಕ್ಷವನ್ನು ನಾವೇ ಬಿಟ್ಟುಕೊಡುತ್ತೇವೆ. ಕೊಂದವರು ಸಾಯಬೇಕಷ್ಟೆ ಎಂಬ ಮಾತು ಮಾತ್ರ ಆಧಾರವಾಗಲಾರದು.